ಗೋಡೆ ಬಡಿದು ನೋಡುತ್ತಿದ್ದವರು

1980ರ ದಶಕದಲ್ಲಿ ದೊಡ್ಡಬಳ್ಳಾಪುರದಿಂದ ಬೆಳಗ್ಗೆ ಹೊರಟ ಬಸ್ಸು ಯಲಹಂಕ ತಲುಪಿದಾಗ ಎರಡು ಬಗೆಯ ಕೆಲಸಗಾರರು ಇಳಿಯುತ್ತಿದ್ದರು. ರೈಲ್ವೆಯ ಗಾಲಿ-ಅಚ್ಚಿನ ಕಾರ್ಖಾನೆಗೆ ಹೋಗುವವರ ಕೈಯಲ್ಲಿ ಊಟದ ಡಬ್ಬಿ. ಇನ್ನೊಂದು ಗುಂಪಿನವರ ಹೆಗಲಲ್ಲಿ ಸಿಮೆಂಟ್ ಚೀಲ, ಅದರೊಳಗೆ ಕರಣೆ, ತೂಗುಗುಂಡು, ರಸಮಟ್ಟ. ಈ ಎರಡನೆಯವರು ವಾಯುಪಡೆ ನೆಲೆಯ ಗೇಟಿನಲ್ಲಿ ಚೀಲ ಬಿಚ್ಚಿ ತೋರಿಸಿ, ಪಾಸು ನೀಡಿ ಒಳಗೆ ಹೋಗುತ್ತಿದ್ದರು. ಊರಿನಲ್ಲಿ ಅದಕ್ಕೆ ‘ಎಂಇಎಸ್ ಕೆಲಸ’ ಎಂದೇ ಹೆಸರು. ಕೂಲಿ ದೊಡ್ಡದಲ್ಲ, ಆದರೆ ಕೆಲಸಕ್ಕೆ ಬರವಿಲ್ಲ. ಯುದ್ಧ ಇರಲಿ ಬಿಡಲಿ, ಸೈನಿಕನ ಹೆಂಡತಿ ಮಕ್ಕಳು ಇರುವ ಮನೆ ಮಳೆ ಬಂದಾಗ ಸೋರಿಯೇ ಸೋರುತ್ತದೆ.

ಯಲಹಂಕದ ನೆಲೆ 1963ರದ್ದು. ಚೀನಾ ಯುದ್ಧದ ಮರುವರ್ಷ ಶುರುವಾದದ್ದು. 1986ರ ಆಗಸ್ಟ್ 15ರಂದು ಬೆಂಗಳೂರು ಗ್ರಾಮಾಂತರ ಜಿಲ್ಲೆ ಬೇರೆಯಾದಾಗ ಯಲಹಂಕ ನಗರ ಜಿಲ್ಲೆಯಲ್ಲೇ ಉಳಿಯಿತು. ಅಲ್ಲಿಗೆ ಗಾರೆಯವರನ್ನು, ಬಡಗಿಗಳನ್ನು, ಇಟ್ಟಿಗೆ, ಕಲ್ಲು, ಮರಳನ್ನು ಕಳಿಸುತ್ತಿದ್ದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಯ ಹಳ್ಳಿಗಳು ಈಚೆ ಬದಿಗೆ ಬಂದವು. ಗಡಿ ನಕ್ಷೆಯಲ್ಲಿ ಬದಲಾಯಿತು, ಬಸ್ಸು ಅದೇ.

ಆ ಬಸ್ಸಿನಲ್ಲಿ ಮೂವತ್ತು ವರ್ಷದಷ್ಟು ಓಡಾಡಿದ ಮೇಸ್ತ್ರಿಯೊಬ್ಬರು ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿಯಲ್ಲಿದ್ದಾರೆ. ಮಂಡಿ ಸವೆದಿದೆ, ಮಾತು ಸವೆದಿಲ್ಲ. ಒಳಗಿನ ಕೆಲಸದ ವಿಷಯ, ಹೆಸರು ಹಾಕಬೇಡಿ ಎಂಬುದು ಅವರ ಒಂದೇ ಷರತ್ತು. ಸೇನೆಯ ಕುಟುಂಬ ಕ್ವಾರ್ಟರ್ಸ್‌ಗಳನ್ನು ಯಾರು ನೋಡಿ, ಯಾರು ರಿಪೇರಿ ಮಾಡುತ್ತಿದ್ದರು, ಆ ಕೆಲಸ ಹೇಗೆ ಕೈ ಬದಲಾಯಿಸಿತು ಎಂಬುದನ್ನು ಅವರು ಏಣಿಯ ಮೇಲೆ ನಿಂತು ಕಂಡವರು.

ಎಂಇಎಸ್ ಎಂದರೆ ಮಿಲಿಟರಿ ಎಂಜಿನಿಯರ್ ಸರ್ವಿಸಸ್. 1923ರಲ್ಲಿ ಹುಟ್ಟಿದ ಸಂಸ್ಥೆ. ಮೂರೂ ಪಡೆಗಳ ರನ್‌ವೇ, ಹ್ಯಾಂಗರ್, ಆಸ್ಪತ್ರೆ, ನೀರಿನ ಟ್ಯಾಂಕಿನಿಂದ ಹಿಡಿದು ಸಾರ್ಜೆಂಟನ ಮನೆಯ ಬಚ್ಚಲ ನಲ್ಲಿಯವರೆಗೆ ಅದರ ಪಾಲು. ನೆಲೆಗೊಬ್ಬ ಗ್ಯಾರಿಸನ್ ಎಂಜಿನಿಯರ್, ಅಂದರೆ ‘ಜಿಇ ಸಾಹೇಬರು’. ಅವರ ಕೈಕೆಳಗೆ ಕಟ್ಟಡ-ರಸ್ತೆಗೆ ಒಬ್ಬರು, ವಿದ್ಯುತ್ತು-ಯಂತ್ರಗಳಿಗೆ ಒಬ್ಬರು ಸಹಾಯಕ ಎಂಜಿನಿಯರ್. ಅವರ ಕೆಳಗೆ ಜೂನಿಯರ್ ಎಂಜಿನಿಯರ್‌ಗಳು, ಅಂದರೆ ಜೆಇಗಳು. ಬೆಂಗಳೂರಿಗೆ ಇದೇನೂ ಹೊಸದಲ್ಲ. 1809ರಲ್ಲಿ ದಂಡು ಬಂದಾಗಿನಿಂದ ಈ ಊರು ಸಿಪಾಯಿಗಳಿಗೆ ಮನೆ ಕಟ್ಟುತ್ತಲೇ ಇದೆ. ಹಲಸೂರಿನ ಮದ್ರಾಸ್ ಸ್ಯಾಪರ್ಸ್ ಪಡೆಯ ಮೂಲ 1780ರದ್ದು. ಜಾಲಹಳ್ಳಿಯಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ಮಿಲಿಟರಿ ಆಸ್ಪತ್ರೆಯ ಸಾಲು ಬ್ಯಾರಕ್‌ಗಳು ಎದ್ದಾಗ ಅಲ್ಲಿ ಬೆವರು ಸುರಿಸಿದವರಲ್ಲಿ ಇಟಲಿಯ ಯುದ್ಧಕೈದಿಗಳೂ ಇದ್ದರು. ಮುಂದೆ ಆ ಜಾಗ ವಾಯುಪಡೆಯ ಕೈಗೆ ಬಂತು.

ಹಳೆಯ ಪದ್ಧತಿಯ ತಪಾಸಣೆಗೆ ಬೇಕಿದ್ದದ್ದು ಒಂದು ಸಣ್ಣ ಸುತ್ತಿಗೆ, ಒಂದು ಟಾರ್ಚು, ಒಂದು ನೋಟ್‌ಬುಕ್ಕು. ಮುಂಗಾರಿಗೆ ಮುಂಚೆ ಜೆಇ ಮತ್ತು ಮೇಸ್ತ್ರಿ ಸಾಲು ಮನೆಗಳಿಗೆ ಸುತ್ತು ಹೊರಡುತ್ತಿದ್ದರು. ಮೊದಲು ತಾರಸಿ. ಮಳೆನೀರು ಹೋಗುವ ಕೊಳವೆಯ ಬಾಯಿಯಲ್ಲಿ ಎಲೆ, ಹಕ್ಕಿಗೂಡು, ಮಕ್ಕಳ ಚೆಂಡು ಸಿಕ್ಕಿಕೊಂಡಿದೆಯೇ ಎಂದು ನೋಡುವುದು. ಮೇಸ್ತ್ರಿಯ ಲೆಕ್ಕದಲ್ಲಿ ಸೋರುವ ಮನೆಗಳಲ್ಲಿ ದೊಡ್ಡ ಪಾಲು ಅಲ್ಲೇ ತೀರ್ಮಾನವಾಗುತ್ತಿತ್ತು. ಆಮೇಲೆ ಒಳಗಿನ ಸೀಲಿಂಗ್. ಕೋಲಿನ ತುದಿಗೆ ಸುತ್ತಿಗೆ ಕಟ್ಟಿ ಬಡಿಯುತ್ತ ಹೋದರೆ ಗಟ್ಟಿ ಗಾರೆ ಒಂದು ದನಿ, ಟೊಳ್ಳು ಬಿಟ್ಟದ್ದು ಇನ್ನೊಂದು ದನಿ. ಟೊಳ್ಳು ಕಂಡಲ್ಲೆಲ್ಲ ಇದ್ದಿಲಿನಿಂದ ಸುತ್ತು ಗುರುತು. ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ ಬಿರುಕು ಇದ್ದರೆ ಪಾಯ ಕೂತಿದೆ ಎಂಬ ಅನುಮಾನ. ಮೋಲ್ಡಿನ ಕೆಳಗೆ ಗೋಡೆಯುದ್ದಕ್ಕೂ ಅಡ್ಡ ಗೆರೆ ಎದ್ದಿದ್ದರೆ ಬಿಸಿಲಿಗೆ ಮೋಲ್ಡು ಹಿಗ್ಗಿ ಕುಗ್ಗಿದೆ, ಹೆದರುವ ಕೆಲಸವಿಲ್ಲ. ಗೋಡೆ ಬುಡದಲ್ಲಿ ಬಿಳಿ ಉಪ್ಪು ಅರಳಿದ್ದರೆ ಸೌಳು ಹತ್ತಿದೆ, ನೆಲದ ತೇವ ಮೇಲೇರುತ್ತಿದೆ. ಸೀಲಿಂಗಿನಲ್ಲಿ ಕಂದು ಕಲೆ ಕಂಡರೆ ಮಾತ್ರ ಇಬ್ಬರೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಅದು ಕಂಬಿ ತುಕ್ಕು ಹಿಡಿದ ಗುರುತು. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಉಬ್ಬಿ, ಕೆಳಗಿನ ಕಾಂಕ್ರೀಟನ್ನು ಹೆಕ್ಕಳಿಕೆಯಂತೆ ತಳ್ಳುತ್ತದೆ.

ಮನೆಯಾಕೆಯ ಮಾತು ಕೇಳುವುದೂ ತಪಾಸಣೆಯ ಭಾಗವೇ. ಆಕೆ ಪಂಜಾಬಿನವರಿರಬಹುದು, ಬಿಹಾರದವರಿರಬಹುದು, ಕೇರಳದವರಿರಬಹುದು. ಮಳೆ ಯಾವ ಕಡೆಯಿಂದ ಹೊಡೆದಾಗ ಎಲ್ಲಿ ತೊಟ್ಟಿಕ್ಕುತ್ತದೆ, ಮೇಲ್ಮನೆಯವರು ಬಟ್ಟೆ ಒಗೆದಾಗ ಸೋರುತ್ತದೆಯೋ ಅಥವಾ ಮಳೆಗೆ ಮಾತ್ರವೋ ಎಂಬುದು ಆಕೆಗಲ್ಲದೆ ಇನ್ಯಾರಿಗೂ ಗೊತ್ತಿಲ್ಲ. ಮೇಸ್ತ್ರಿಯ ಹಿಂದಿ ಪೂರ್ತಿ ಈ ಮನೆಗಳಲ್ಲೇ ಕಲಿತದ್ದು. ಸೋರುವುದು, ಒದ್ದೆ, ಬಿರುಕು, ನಾಳೆ ಬರುತ್ತೇನೆ: ಇಷ್ಟರಾಚೆ ಆ ಹಿಂದಿ ಹೋಗುವುದಿಲ್ಲ.

ಮನೆ ಖಾಲಿಯಾಗುವ ದಿನದ ತಪಾಸಣೆಯ ಗತ್ತೇ ಬೇರೆ. ಅದಕ್ಕೆ ‘ಮಾರ್ಚ್ ಔಟ್’ ಎನ್ನುತ್ತಾರೆ. ಹೊಸಬರು ಬಂದು ಸೇರಿದರೆ ‘ಮಾರ್ಚ್ ಇನ್’. ಪಟ್ಟಿ ಹಿಡಿದು ಗಾಜು, ಬೋಲ್ಟು, ಸಿಂಕು, ಬಾಗಿಲ ಹಿಡಿ ಎಣಿಸಿ, ಕಡಿಮೆ ಬಿದ್ದದ್ದಕ್ಕೂ ಮುರಿದದ್ದಕ್ಕೂ ದುಡ್ಡು ಕಟ್ಟಿಸಿಕೊಳ್ಳುವ ಕ್ರಮ. ಪಟ್ಟಿಯಲ್ಲಿ ಗಾಜಿನ ಬಿರುಕಿಗೆ ಜಾಗವಿತ್ತು, ತೊಲೆಯ ಬಿರುಕಿಗೆ ಇರಲಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗಿ ಹೋಗುವ ಕುಟುಂಬಗಳ ನಡುವೆ ಮನೆ ಖಾಲಿ ಇರುವ ಆ ಕೆಲವು ದಿನಗಳಲ್ಲೇ ದೊಡ್ಡ ರಿಪೇರಿ ಮುಗಿಯಬೇಕು. ಮುಗಿಯದಿದ್ದರೆ ಸುಣ್ಣ ಬಳಿದು ಬೀಗ ಕೊಡುವುದು. ಇನ್ನು 1996ರಿಂದ ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ವೈಮಾನಿಕ ಪ್ರದರ್ಶನ ಶುರುವಾದ ಮೇಲೆ ಬಣ್ಣ ಬಳಿಯುವವರಿಗೆ ಅದೊಂದು ಹೆಚ್ಚುವರಿ ಹಬ್ಬ.

ಈ ಪದ್ಧತಿಯನ್ನು ಹಾಡಿ ಹೊಗಳುವಂತಿಲ್ಲ. ಕಿವಿ ಎಷ್ಟೇ ಚುರುಕಾಗಿದ್ದರೂ ಕಾಂಕ್ರೀಟಿನ ಒಳಗೆ ಏನಾಗಿದೆ ಎಂದು ಅದು ಹೇಳಲಾರದು. ಕಂಬಿ ಬಿಟ್ಟ ಜಾಗಕ್ಕೆ ಸಿಮೆಂಟ್ ಮೆತ್ತಿ ಮೇಲೆ ಸುಣ್ಣ ಹೊಡೆದರೆ ಮುಂದಿನ ಮಳೆಗಾಲಕ್ಕೆ ಅದೇ ಜಾಗ ಮತ್ತೆ ಬಾಯಿ ಬಿಡುತ್ತಿತ್ತು. ಆದರೆ ಒಂದಂತೂ ನಿಜ: ಕಳೆದ ವರ್ಷ ಇದ್ದಿಲಿನ ಗುರುತು ಹಾಕಿದ ಮೇಸ್ತ್ರಿಯೇ ಈ ವರ್ಷವೂ ಆ ಮನೆಗೆ ಬಂದು ಬೈಸಿಕೊಳ್ಳಬೇಕಿತ್ತು.

ಸಾಮಾನಿನ ಕಥೆಯನ್ನು ಬಿಟ್ಟು ರಿಪೇರಿಯ ಕಥೆ ಹೇಳಲಾಗದು. ಮೇಸ್ತ್ರಿಯ ಗುರು ಗಾರೆ ತಾರಸಿ ಹಾಕುತ್ತಿದ್ದ ಕಾಲದವರು. ಸುಣ್ಣಕ್ಕೆ ಇಟ್ಟಿಗೆ ಚೂರು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸಿ, ಹೆಂಗಸರು ಸಾಲಾಗಿ ಕೂತು ಕೊಡತಿಯಲ್ಲಿ ದಿನಗಟ್ಟಲೆ ಬಡಿದು ಹದ ಮಾಡಿದ ತಾರಸಿ. ಕೋಯಿರಾದ ಕಲ್ಲು, ಮಾಲೂರು ಕಡೆಯ ಇಟ್ಟಿಗೆ, ಹೊಳೆಯ ಮರಳು. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೇಲೆ ಹೆಸರಘಟ್ಟಕ್ಕೆ ಹರಿಯುವ ಅರ್ಕಾವತಿ ಆಗ ಹೆಸರಿಗಾದರೂ ನದಿಯಾಗಿತ್ತು. ನದಿ ಬತ್ತಿತು, ಮರಳು ಮುಗಿಯಿತು. ಆಗ ಬಂದದ್ದು ಫಿಲ್ಟರ್ ಮರಳು. ಕೆರೆಯಂಗಳದ, ಹೊಲದ ಮಣ್ಣನ್ನೇ ನೀರು ಹಾಯಿಸಿ ತೊಳೆದು ಮರಳೆಂದು ಮಾರುವ ದಂಧೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳು ಇದಕ್ಕೆ ಕುಖ್ಯಾತ. ಕಾನೂನು ಇದನ್ನು ಒಪ್ಪಲಿಲ್ಲ, ಲಾರಿಗಳು ಕಾನೂನನ್ನು ಒಪ್ಪಲಿಲ್ಲ. ಎಷ್ಟು ತೊಳೆದರೂ ಆ ಮರಳಿನಲ್ಲಿ ಜೇಡಿ ಉಳಿಯುತ್ತದೆ; ಜೇಡಿ ಇದ್ದರೆ ಸಿಮೆಂಟು ಮರಳನ್ನು ಹಿಡಿಯುವುದಿಲ್ಲ. ಬೆರಳಿನಲ್ಲಿ ಕೆರೆದರೆ ಉದುರುವ ಗಾರೆಯನ್ನು ಮೇಸ್ತ್ರಿ ಮೊದಲು ಕಂಡದ್ದು ಆ ವರ್ಷಗಳಲ್ಲಿ. ಒಂದು ಕ್ವಾರ್ಟರ್ಸಿನಲ್ಲಿ ರಾತ್ರಿ ಸೀಲಿಂಗಿನ ಹಾಳೆ ಕಳಚಿ ಮಂಚದ ಮೇಲೆ ಬಿತ್ತು. ಮನೆಯವರು ಊರಿಗೆ ಹೋಗಿದ್ದರು. ಗುತ್ತಿಗೆದಾರ ಬಂದು ನೋಡಿ ಮೊದಲು ಕೇಳಿದ್ದು ಬಿಲ್ಲು ಪಾಸಾಗಿದೆಯೇ ಎಂದು. ಪಾಸಾಗಿತ್ತು.

2005ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣದ ಕೆಲಸ ಆರಂಭವಾಯಿತು. 2008ರ ಮೇ ತಿಂಗಳಲ್ಲಿ ವಿಮಾನ ಹಾರಿತು. ಬಳ್ಳಾರಿ ರಸ್ತೆಯ ಎರಡೂ ಬದಿ ಲೇಔಟು, ಅಪಾರ್ಟ್‌ಮೆಂಟು. ಕೈ ಪಳಗಿದ ಗಾರೆಯವರು ಹೆಚ್ಚು ಕೂಲಿ ಸಿಕ್ಕ ಕಡೆ ಹೋದರು, ಕೆಲವರು ತಾವೇ ಕಂಟ್ರಾಕ್ಟರರಾದರು, ಜಮೀನು ಮಾರಿದವರು ಕರಣೆಯನ್ನೇ ಕೆಳಗಿಟ್ಟರು. ನೆಲೆಯ ಗೇಟಿನಲ್ಲಿ ರಾಯಚೂರು, ಕಲಬುರಗಿಯವರು ಸಾಲು ನಿಂತರು, ಆಮೇಲೆ ಬಿಹಾರ, ಬಂಗಾಳದವರು. ಈ ಹೊಸಬರು ಕೆಲಸದಲ್ಲಿ ಕಡಿಮೆಯವರಲ್ಲ. ಆದರೆ ಒಂದು ಕಟ್ಟಡಕ್ಕೆ ಬಂದವರು ಮರುವರ್ಷ ಅದೇ ಕಟ್ಟಡಕ್ಕೆ ಬರುವುದು ನಿಂತುಹೋಯಿತು.

ಇಷ್ಟರಲ್ಲಿ ದೇಶದ ಮಟ್ಟದಲ್ಲಿ ಎರಡು ಸಂಗತಿ ನಡೆದಿದ್ದವು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಅಲ್ಲಿನ ವಾಯುನೆಲೆಯ ಕ್ವಾರ್ಟರ್ಸ್‌ಗಳು ಉರುಳಿ ಸಿಬ್ಬಂದಿ, ಅವರ ಹೆಂಡತಿ ಮಕ್ಕಳು ಸತ್ತರು. ಮರುವರ್ಷ ಭೂಕಂಪದ ವಿನ್ಯಾಸ ಸಂಹಿತೆ ಹೊಸದಾಗಿ ಬಂತು. ಬೆಂಗಳೂರು ಅಪಾಯ ಕಡಿಮೆಯ ಎರಡನೇ ವಲಯದಲ್ಲಿದ್ದರೂ, ಹಳೆಯ ಕ್ವಾರ್ಟರ್ಸ್ ಎಷ್ಟು ಗಟ್ಟಿ ಎಂಬ ಪ್ರಶ್ನೆಯನ್ನು ಕಡತದಿಂದ ಹೊರಗಿಡಲು ಇನ್ನು ಆಗುತ್ತಿರಲಿಲ್ಲ. ಅದೇ ಹೊತ್ತಿಗೆ ಮ್ಯಾರೀಡ್ ಅಕಾಮಡೇಶನ್ ಪ್ರಾಜೆಕ್ಟ್ ಎಂಬ ದೊಡ್ಡ ಯೋಜನೆ ಹೊರಟಿತು. ಮೂರೂ ಪಡೆಗಳಿಗೆ ಸೇರಿ ಸುಮಾರು ಎರಡು ಲಕ್ಷ ಮನೆ, ನಾಲ್ಕು ಹಂತ. ಅಂದುಕೊಂಡದ್ದು ಕೆಲವೇ ವರ್ಷ. ಹಿಡಿದದ್ದು ಅದರ ಎಷ್ಟೋ ಪಟ್ಟು. ವಿಳಂಬವನ್ನು ಸಿಎಜಿ ವರದಿಯೂ ಬರೆದಿಟ್ಟಿದೆ.

ನಮ್ಮ ಕಥೆಗೆ ಬೇಕಾದ ತಿರುವು ಇಲ್ಲಿದೆ. ಎಂಇಎಸ್‌ನಲ್ಲಿ ತನ್ನದೇ ಆರ್ಕಿಟೆಕ್ಟರ ವರ್ಗ, ತನ್ನದೇ ಸರ್ವೇಯರ್‌ಗಳ ವರ್ಗ ಇದೆ. ಆದರೆ ಲಕ್ಷಗಟ್ಟಲೆ ಮನೆಗೆ ಅಷ್ಟು ಜನ ಎಲ್ಲಿ ಸಾಲುತ್ತಾರೆ? ನಕ್ಷೆ, ವಿನ್ಯಾಸ, ಅಂದಾಜು ಮಾಡಲು ಹೊರಗಿನ ಕನ್ಸಲ್ಟೆಂಟ್‌ಗಳನ್ನು ಕರೆದರು. ಹೊಸ ಮನೆಗೆ ಕರೆದ ಮೇಲೆ ಹಳೆಯ ಮನೆಯ ತಪಾಸಣೆಗೂ ಕರೆಯುವುದು ಸಹಜವಾಯಿತು. 2020ರ ಮೇ ತಿಂಗಳಲ್ಲಿ ರಕ್ಷಣಾ ಸಚಿವಾಲಯ ಎಂಇಎಸ್‌ನ ಮೂಲಭೂತ ಮತ್ತು ಕೈಗಾರಿಕಾ ಸಿಬ್ಬಂದಿಯ 9,304 ಹುದ್ದೆಗಳನ್ನು ರದ್ದು ಮಾಡಿತು. ಲೆಫ್ಟಿನೆಂಟ್ ಜನರಲ್ ಶೇಕಟ್ಕರ್ ಸಮಿತಿಯ ಶಿಫಾರಸು ಇದ್ದದ್ದು ಹಾಗೆ: ಕೆಲಸದ ಒಂದು ಪಾಲನ್ನು ಇಲಾಖೆಯ ಜನ ಮಾಡಲಿ, ಉಳಿದದ್ದನ್ನು ಹೊರಗಿನವರಿಗೆ ಕೊಡಬಹುದು ಎಂದು. ರದ್ದಾದದ್ದು ಖಾಲಿ ಹುದ್ದೆಗಳು, ಯಾರ ಅನ್ನವನ್ನೂ ಕಿತ್ತುಕೊಳ್ಳಲಿಲ್ಲ, ನಿಜ. ಆದರೆ ಗಾರೆಯವನು, ಕೊಳಾಯಿಯವನು, ಬಡಗಿ ನಿವೃತ್ತನಾದ ಮೇಲೆ ಅವನ ಜಾಗಕ್ಕೆ ಅವನ ಕೈಯಲ್ಲಿ ಪಳಗಿದ ಹುಡುಗ ಬರುವ ದಾರಿ ಮುಚ್ಚಿತು.

ಕನ್ಸಲ್ಟೆಂಟರ ಕಡೆಯ ಹುಡುಗ ಹುಡುಗಿಯರು ಬಂದ ದಿನಗಳನ್ನು ಮೇಸ್ತ್ರಿ ಬಹಳ ಖುಷಿಯಿಂದ ನೆನೆಯುತ್ತಾರೆ. ಹುಣಸಮಾರನಹಳ್ಳಿಯ ಸರ್ ಎಂವಿಐಟಿ 1986ರಲ್ಲಿ, ಯಲಹಂಕದ ನಿಟ್ಟೆ ಮೀನಾಕ್ಷಿ 2001ರಲ್ಲಿ, ದೊಡ್ಡಬಳ್ಳಾಪುರ ರಸ್ತೆಯ ಬಿಎಂಎಸ್ ತಾಂತ್ರಿಕ ಕಾಲೇಜು 2002ರಲ್ಲಿ ಶುರುವಾಗಿ, ಈ ಕಡೆಯ ರೈತರ, ನೇಕಾರರ ಮಕ್ಕಳೂ ಸಿವಿಲ್ ಎಂಜಿನಿಯರ್ ಆಗಿದ್ದರು. ತಲೆಗೆ ಹಳದಿ ಟೋಪಿ, ಕೈಯಲ್ಲಿ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಮೊದಲು ಹೊರಬಂದದ್ದೂ ಸುತ್ತಿಗೆಯೇ! ಸ್ಪ್ರಿಂಗಿನ ರೀಬೌಂಡ್ ಸುತ್ತಿಗೆ. ಕಾಂಕ್ರೀಟಿಗೆ ಒತ್ತಿದರೆ ಪುಟಿದು ಅಂಕಿ ತೋರಿಸುತ್ತದೆ. ಮೇಸ್ತ್ರಿ ಕಿವಿಯಲ್ಲಿ ಕೇಳುತ್ತಿದ್ದದ್ದನ್ನು ಅದು ಬರೆದು ಕೊಡುತ್ತದೆ, ಅಷ್ಟೇ ಎಂದು ಅವರು ಮೊದಲು ಬೀಗಿದರು. ಆಮೇಲೆ ಬಂದ ಉಪಕರಣ ಅವರ ಬಾಯಿ ಕಟ್ಟಿತು. ತೊಲೆಯ ಎರಡು ಬದಿಗೆ ಎರಡು ಬಿಲ್ಲೆ ಇಟ್ಟು ಕಿವಿಗೆ ಕೇಳಿಸದ ಶಬ್ದ ಹಾಯಿಸುವುದು. ಆ ಅಲೆ ಸೆಕೆಂಡಿಗೆ 3.5 ಕಿಲೋಮೀಟರಿಗಿಂತ ಬೇಗ ದಾಟಿದರೆ ಕಾಂಕ್ರೀಟು ಚೆನ್ನಾಗಿದೆ. 3ಕ್ಕಿಂತ ಕೆಳಗಿಳಿದರೆ ಒಳಗೆ ಟೊಳ್ಳೋ ಬಿರುಕೋ ಇದೆಯೆಂದು ಸಂಶಯ.

ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಬಣ್ಣದ ಪರೀಕ್ಷೆ. ಕಾಂಕ್ರೀಟನ್ನು ಹೊಸದಾಗಿ ಒಡೆದ ಜಾಗಕ್ಕೆ ಫಿನಾಲ್ಫ್ತಲೀನ್ ಎಂಬ ದ್ರಾವಣ ಸಿಂಪಡಿಸಿದರೆ ಆರೋಗ್ಯವಾಗಿರುವ ಕಡೆ ಗುಲಾಬಿ ಬಣ್ಣ ಬರುತ್ತದೆ. ಗಾಳಿಯ ಇಂಗಾಲಾಮ್ಲ ಒಳಹೊಕ್ಕು ಕಾಂಕ್ರೀಟಿನ ಕ್ಷಾರಗುಣ ತಿಂದ ಕಡೆ ಬಣ್ಣವೇ ಬರುವುದಿಲ್ಲ. ಬಣ್ಣ ಬಾರದ ಆಳ ಕಂಬಿಯವರೆಗೆ ಹೋಗಿದ್ದರೆ, ಮೇಲೆ ಎಷ್ಟು ಅಂದವಾಗಿ ಕಂಡರೂ ಒಳಗಿನ ಕಂಬಿಗೆ ಇನ್ನು ರಕ್ಷಣೆಯಿಲ್ಲ. ಟಣ್ ಎಂದು ಗಟ್ಟಿ ದನಿ ಕೊಟ್ಟಿದ್ದಕ್ಕೆ ತಾವು ಗುರುತು ಹಾಕದೆ ಬಿಟ್ಟಿದ್ದ ಒಂದು ಸಜ್ಜಾದಲ್ಲಿ ಗುಲಾಬಿ ಬಣ್ಣ ಏಳದೇ ಇದ್ದದ್ದನ್ನು ಮೇಸ್ತ್ರಿ ಮುಚ್ಚಿಡುವುದಿಲ್ಲ. ರಿಪೇರಿಯ ಕ್ರಮವೂ ಸುಧಾರಿಸಿತು. ಸಡಿಲ ಕಾಂಕ್ರೀಟು ಕೆತ್ತಿ ಕಂಬಿಯ ಹಿಂಬದಿಯವರೆಗೂ ಬಿಡಿಸಿ, ತಂತಿಯ ಬ್ರಷ್ಷಿನಲ್ಲಿ ತುಕ್ಕು ಉಜ್ಜಿ, ತುಕ್ಕು ತಡೆಯುವ ಲೇಪ ಕೊಟ್ಟು, ಪಾಲಿಮರ್ ಬೆರೆತ ಗಾರೆ ತುಂಬುವುದು. ಹೀಗೆ ಮಾಡಿದ ಜಾಗ ಮತ್ತೆ ಬೇಗ ಬಾಯಿ ಬಿಡಲಿಲ್ಲ.

ಹಾಗಾದರೆ ತಕರಾರು ಏನು? ಅಳೆದವರು ವರದಿ ಕೊಟ್ಟು ಹೋಗುತ್ತಾರೆ. ವರದಿ ನೋಡಿ ಅಂದಾಜು ಮಾಡುವವರು ಇನ್ನೊಬ್ಬರು, ಟೆಂಡರ್ ಹಿಡಿದು ಕೆಲಸ ಮಾಡುವವರು ಮತ್ತೊಬ್ಬರು. ಮೊದಲ ಮಳೆ ಬಿದ್ದ ಮೇಲೆ ಆ ಮನೆಗೆ ಬಂದು ನೋಡುವ ಹೊಣೆ ಯಾರದೂ ಅಲ್ಲ. ತಪಾಸಣೆಗೂ ದರಪಟ್ಟಿ ಕರೆದು, ಕಡಿಮೆ ಕೇಳಿದವರಿಗೆ ಕೊಟ್ಟರೆ ಕತ್ತರಿ ಬೀಳುವುದು ಪರೀಕ್ಷೆಗಳ ಸಂಖ್ಯೆಗೆ. ಹತ್ತು ಕಡೆ ಅಳೆಯಬೇಕಾದಲ್ಲಿ ಎರಡು ಕಡೆ ಅಳೆದು, ಉಳಿದದ್ದನ್ನು ಕಣ್ಣಂದಾಜಿನಲ್ಲಿ ಬರೆಯುವುದು ಆಗ ತಪ್ಪುವುದಿಲ್ಲ. 2017ರ ಕೇಂದ್ರ ಹಣಕಾಸು ನಿಯಮಗಳಲ್ಲಿ ಗುಣಮಟ್ಟಕ್ಕೂ ಅಂಕ ಕೊಟ್ಟು ಕನ್ಸಲ್ಟೆಂಟರನ್ನು ಆರಿಸುವ ದಾರಿ ಇದೆ. ಕುಟುಂಬಗಳು ಮಲಗುವ ಸೂರಿನ ತಪಾಸಣೆಗೆ ಆ ದಾರಿ ಬಿಟ್ಟು ಅಗ್ಗದ ದರ ಹುಡುಕುವುದು ಜಿಪುಣತನ, ಉಳಿತಾಯವಲ್ಲ.

ಹೊಸ ಕಟ್ಟಡವಾದರೆ ಚಿಂತೆಯಿಲ್ಲ ಎಂದುಕೊಂಡವರಿಗೆ ಕೊಚ್ಚಿಯ ಉದಾಹರಣೆ ಇದೆ. ಸೇನಾ ಕುಟುಂಬಗಳಿಗೆಂದು ಆರ್ಮಿ ವೆಲ್‌ಫೇರ್ ಹೌಸಿಂಗ್ ಆರ್ಗನೈಸೇಶನ್ ಅಲ್ಲಿ ಚಂದರ್ ಕುಂಜ್ ಎಂಬ ಬಹುಮಹಡಿ ಗೋಪುರಗಳನ್ನು ಕಟ್ಟಿಸಿ 2018ರಲ್ಲಿ ಒಪ್ಪಿಸಿತು. ಕೆಲವೇ ವರ್ಷಕ್ಕೆ ಕಾಂಕ್ರೀಟು ಕಳಚತೊಡಗಿತು. ತಜ್ಞರ ವರದಿಗಳ ಮೇಲೆ ಕೇರಳ ಹೈಕೋರ್ಟು 2025ರ ಫೆಬ್ರವರಿಯಲ್ಲಿ ಬಿ ಮತ್ತು ಸಿ ಗೋಪುರಗಳನ್ನು ಕೆಡವಿ ಮತ್ತೆ ಕಟ್ಟಲು ಆದೇಶಿಸಿತು. ಅಲ್ಲಿ ಸ್ವತಂತ್ರ ಎಂಜಿನಿಯರರ ವರದಿ ಇಲ್ಲದಿದ್ದರೆ ನಿವಾಸಿಗಳ ದೂರು ಬರೀ ದೂರಾಗಿ ಉಳಿಯುತ್ತಿತ್ತು. ಹೊರಗಿನವರನ್ನು ನೇಮಿಸುವುದೇ ತಪ್ಪು ಎನ್ನುವವರು ಇದನ್ನು ನೆನಪಿಡಬೇಕು. ಅದೇ ಸಂಸ್ಥೆಯ ಸಂದೀಪ್ ವಿಹಾರ್ ಬಡಾವಣೆ ವೈಟ್‌ಫೀಲ್ಡಿನಿಂದ ಹೊಸಕೋಟೆಗೆ ಹೋಗುವ ದಾರಿಯ ಕನ್ನಮಂಗಲದಲ್ಲಿದೆ. 2008ರ ಮುಂಬೈ ದಾಳಿಯಲ್ಲಿ ಮಡಿದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರಿನದು. ಇಂಥ ಕಡೆ ಮನೆ ಸ್ವಂತದ್ದು. ಎಂಜಿನಿಯರನ್ನು ಕರೆಸುವುದು, ವರದಿಗೆ ಪ್ರಶ್ನೆ ಕೇಳುವುದು ಮಾಲೀಕರ ಕೈಯಲ್ಲಿದೆ. ಕ್ವಾರ್ಟರ್ಸಿನಲ್ಲಿರುವ ಏರ್‌ಮನ್ನನ ಹೆಂಡತಿಗೆ ಆ ಅನುಕೂಲವಿಲ್ಲ.

ಮನೆ ಒಬ್ಬರದು, ಹೊಣೆ ಇನ್ನೊಬ್ಬರದು ಎಂಬ ಗೋಳು ಬ್ರಿಟನ್ನಿನಲ್ಲಿ ಇನ್ನೂ ದೊಡ್ಡ ಮಟ್ಟದಲ್ಲಿ ನಡೆಯಿತು. 1996ರಲ್ಲಿ ಅಲ್ಲಿನ ಸರ್ಕಾರ ಸೈನಿಕ ಕುಟುಂಬಗಳ ಮನೆಗಳನ್ನು ಖಾಸಗಿ ಕಂಪನಿಗೆ ಮಾರಿ, ಬಾಡಿಗೆಗೆ ಹಿಂದಕ್ಕೆ ಪಡೆಯಿತು. ರಿಪೇರಿಯ ಹೊಣೆ ಮಾತ್ರ ಸರ್ಕಾರದ ಮೇಲೇ ಉಳಿಯಿತು. ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿ 2025ರ ಜನವರಿಯಲ್ಲಿ 36 ಸಾವಿರಕ್ಕೂ ಹೆಚ್ಚು ಮನೆಗಳನ್ನು ಸುಮಾರು 600 ಕೋಟಿ ಪೌಂಡ್ ಕೊಟ್ಟು ವಾಪಸು ಕೊಂಡಿತು.

ಉಪಕರಣ ಕಾಣದ ಇನ್ನೊಂದು ಸಂಗತಿ ಯಲಹಂಕದಲ್ಲೇ ಇದೆ. ಕೇಂದ್ರ ಸರ್ಕಾರಿ ನೌಕರರಿಗೆಂದು ಕಟ್ಟಿದ ಕೇಂದ್ರೀಯ ವಿಹಾರ್ ಅಪಾರ್ಟ್‌ಮೆಂಟಿಗೆ 2021ರ ನವೆಂಬರಿನಲ್ಲಿ ನೀರು ನುಗ್ಗಿತು, 2024ರ ಅಕ್ಟೋಬರಿನಲ್ಲಿ ಮತ್ತೆ. ನಿವಾಸಿಗಳನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ತೊಲೆ ಕಂಬ ಅಳೆದು ಬರೆದ ಯಾವ ವರದಿಯೂ ತುಂಬಿ ಹರಿಯುವ ಕೆರೆಯ ಬಗ್ಗೆ ಹೇಳುವುದಿಲ್ಲ. ನೀರು ಯಾವ ಕಡೆಯಿಂದ ಬರುತ್ತದೆ ಎಂದು ಮನೆಯಾಕೆಯನ್ನು ಕೇಳುತ್ತಿದ್ದ ಹಳೆಯ ಜೆಇಯ ಪ್ರಶ್ನೆಗೆ ಕನ್ಸಲ್ಟೆಂಟರ ನಮೂನೆಯಲ್ಲಿ ಒಂದು ಕಾಲಂ ಇದ್ದರೆ ನಷ್ಟವೇನೂ ಇಲ್ಲ.

ಮೇಸ್ತ್ರಿ ಕೇಳುವುದು ದೊಡ್ಡದೇನಲ್ಲ, ಟೆಂಡರ್ ಬರೆಯುವವರು ಮನಸ್ಸು ಮಾಡಿದರೆ ಒಂದು ಪುಟದಲ್ಲಿ ಮುಗಿಯುತ್ತದೆ. ಎಂಜಿನಿಯರರನ್ನು ನೇಮಿಸಿ, ಅವರ ಶುಲ್ಕದ ಕೊನೆಯ ಕಂತನ್ನು ರಿಪೇರಿಯಾದ ಮೇಲೆ ಒಂದು ಮಳೆಗಾಲ ಕಳೆಯುವವರೆಗೆ ತಡೆದಿಡಿ. ವರದಿಯಲ್ಲಿ ಆ ಮನೆಗೆ ಸಂಬಂಧಿಸಿದ ಪುಟವನ್ನು, ಅರ್ಥವಾಗುವ ಭಾಷೆಯಲ್ಲಿ, ಅಲ್ಲಿ ವಾಸಿಸುವವರ ಕೈಗೆ ಕೊಡಿ. ತಪಾಸಣೆಯನ್ನು ಬೇಸಿಗೆಯ ಒಣ ಗೋಡೆಯಲ್ಲಿ ಮಾಡಬೇಡಿ. ಈ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಸರ್ಕಾರದ ಹಣಕಾಸು ವರ್ಷ ಮುಗಿಯುವುದು ಮಾರ್ಚ್ 31ಕ್ಕೆ.